ಏಳನೇ ಚೀಲದ ಎತ್ತು

ಟಿಫಿನ್ ಡಬ್ಬಿಯಲ್ಲಿ ಎತ್ತಿನ ಹೊಟ್ಟೆಯಿತ್ತು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಭುಜ ಒತ್ತಿ ಕೂತಿದ್ದ ಮರುಳಸಿದ್ದಮ್ಮ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಿಜವಾದ ಎತ್ತಿನದಲ್ಲ, ಮಣ್ಣೆತ್ತಿನದು. ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ಅಜ್ಜಿ ಮಂಜಮ್ಮ ಕೈಯಾರೆ ಮಾಡಿ, ದೇವರ ಜಗುಲಿಯ ಮೇಲೆ ನಿಲ್ಲಿಸಿ, ಕಡುಬಿನ ಎಡೆ ಹಿಡಿದು ಪೂಜಿಸಿದ ಜೋಡಿಯಲ್ಲಿ ಬಲಗಡೆ ನಿಂತದ್ದರ ಹೊಟ್ಟೆ. ಹೆಚ್ಚೆಂದರೆ ಹತ್ತು ಗ್ರಾಂ ಇದ್ದೀತು. ಬೆಳಿಗ್ಗೆ ಹೊರಡುವ ಮೊದಲು ಅಡುಗೆಮನೆಯ ಕಡೆ ಒಂದು ಕಿವಿಯಿಟ್ಟು, ಎತ್ತನ್ನು ಮೆಲ್ಲಗೆ ಮಗುಚಿ, ಅರಿಸಿನ ಕುಂಕುಮ ತುಪ್ಪ ಯಾವುದೂ ತಾಗದ ಜಾಗವೆಂದು ಹೊಟ್ಟೆಯನ್ನೇ ಆರಿಸಿ ಚಮಚದಿಂದ ಕೆರೆದಿದ್ದಳು. ದೇವರನ್ನು ನಂಬುತ್ತೀಯಾ ಎಂದು ಕಾಲೇಜಿನಲ್ಲಿ ಯಾರಾದರೂ ಕೇಳಿದ್ದರೆ ಪರಿಸರ ವಿಜ್ಞಾನದ ವಿದ್ಯಾರ್ಥಿನಿಯಾಗಿ ಅವಳು ಕೊಡುತ್ತಿದ್ದ ಉತ್ತರವೇ ಬೇರೆ. ಆದರೆ ಚಮಚ ಒಳಗಿಳಿದ ಕೂಡಲೇ ಬಾಯಿ ಅವಳನ್ನು ಕೇಳದೆಯೇ 'ತಪ್ಪಾತಪ್ಪಾ ದೇವ್ರೇ' ಎಂದಿತ್ತು. ಎತ್ತನ್ನು ಮತ್ತೆ ನಿಲ್ಲಿಸುವಾಗ ಅದರ ಜೋಳದ ಕಾಳಿನ ಕಣ್ಣು ತನ್ನನ್ನೇ ನೋಡುತ್ತಿದೆಯೆಂದು ಅನ್ನಿಸಿ, ಮುಂದಿದ್ದ ಗ್ವಾದಲಿಯ, ಮಣ್ಣಿನ ಮೇವುತೊಟ್ಟಿಯ, ಕಡೆಗೆ ಅದರ ಮುಖ ತಿರುಗಿಸಿ ಬಂದಿದ್ದಳು.

ಬಸ್ಸು ಇನ್ನೇನು ಹೊರಡಬೇಕೆನ್ನುವಾಗ ಓಡಿಬಂದು ಹತ್ತಿದ ಅಂಜಿನಕ್ಕ ಅವರ ಓಣಿಯವಳೇ. ನೀಲಗುಂದದಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಇಡೀ ಬಸ್ಸು ಖಾಲಿಯಿದ್ದರೂ ಮರುಳಸಿದ್ದಮ್ಮನ ಪಕ್ಕಕ್ಕೇ ಬಂದು ಕೂತು, ಉಸಿರು ಹತೋಟಿಗೆ ಬರುವ ಮೊದಲೇ ಮಾತು ಶುರು ಮಾಡಿದಳು.

"ಇನ್ನಾ ಕಾಲೇಜಿಗಿ ಹೊಂಟಿಯೇನಬೇ? ನಿನ್ನ ಜೋಡಿ ಓದಿದ ಪಂಪಮ್ಮನ ಮಗಳು ಹ್ವಾದ ವರ್ಷನ ಮುಗಿಸ್ಯಾಳಲ್ಲ."

"ನಂದು ಆನರ್ಸ್ ಅಕ್ಕ. ನಾಕು ವರ್ಷ."

"ಇರ್ಲಿ ಬಿಡವ್ವ. ಎಲ್ಲಾರ ತಲಿ ಒಂದ ನಮೂನಿ ಇರ್ತೈತೇನು? ನಮ್ಮ ಮಾರೇಶನೂ ಎಸ್ಸೆಲ್ಸಿಗೆ ಎಲ್ಡು ಸಲ ಕುಂತಾನ. ಮೂರನೇದಕ್ಕ ಪಾಸಾದ, ನೋಡು."

ಆನರ್ಸ್ ಎಂಬ ಪದ ಊರು ಮುಟ್ಟುವಷ್ಟರಲ್ಲಿ ಫೇಲ್ ಎಂದು ತರ್ಜುಮೆಯಾಗಿಬಿಡುತ್ತಿತ್ತು. ಮೂರು ವರ್ಷದ ಡಿಗ್ರಿಯನ್ನು ನಾಲ್ಕು ವರ್ಷ ಓದುವವರಿಗೆ ಊರಲ್ಲಿ ಇರುವುದು ಒಂದೇ ಹೆಸರು. ಇದು ಸಂಶೋಧನೆಯ ವರ್ಷ, ಒಳ್ಳೆಯ ಮಾರ್ಕ್ಸ್ ಬಂದವರಿಗೆ ಮಾತ್ರ ಸಿಗುವುದು ಎಂದು ಅವಳು ಮೊದಮೊದಲು ನಿಂತು ವಿವರಿಸುತ್ತಿದ್ದಳು. ಎಲ್ಲರೂ ಮರುಕದಿಂದ ತಲೆಯಾಡಿಸುತ್ತಿದ್ದರು. ಪಾಪ, ಹುಡುಗಿ ಎಷ್ಟು ಚಂದ ಮುಚ್ಚಿಕೊಳ್ಳುತ್ತಾಳೆ ಎಂಬ ಮರುಕ. ಅಪ್ಪ ಯರ್ರೆಪ್ಪನಿಗೂ ಒಳಗೊಳಗೆ ಅನುಮಾನವಿದ್ದಂತಿತ್ತು. ಒಂದು ಸಲ ಕುರಿಗೆ ಔಷಧಿ ಕುಡಿಸುತ್ತ, ಅವಳ ಮುಖ ನೋಡದೆ, "ಹೋದ್ರ ಹೋಗ್ಲಿ ಸಿದ್ದಿ, ಒಂದ ಸಬ್ಜೆಕ್ಟಾ ಎಲ್ಡಾ?" ಎಂದು ಕೇಳಿದ್ದ. ಅದನ್ನು ನೆನೆದರೆ ಇವತ್ತಿಗೂ ಅವಳಿಗೆ ನಗು ಮತ್ತು ಅಳು ಒಟ್ಟಿಗೇ ಬರುತ್ತವೆ. ಕಾಲೇಜಿನಲ್ಲಿ ನಾಲ್ಕನೇ ವರ್ಷಕ್ಕೆ ಉಳಿದವಳು ಅವಳೊಬ್ಬಳೇ ಆದ್ದರಿಂದ ಅಲ್ಲಿಯೂ ಸಾಕ್ಷಿ ಹೇಳುವವರಿಲ್ಲ. ಹಾಜರಿ ಹಾಕುವಾಗ ಪ್ರವೀಣಕುಮಾರ್ ಸರ್ ಹೆಸರು ಕೂಗುವುದನ್ನೂ ಬಿಟ್ಟು, ತಲೆಯೆತ್ತಿ ಒಮ್ಮೆ ನೋಡಿ ಟಿಕ್ ಹಾಕುತ್ತಿದ್ದರು.

"ಏನ್ ಓದ್ತಿ ಅಷ್ಟು ವರ್ಷ?" ಅಂಜಿನಕ್ಕ ಬಿಡಲಿಲ್ಲ.

"ಮಣ್ಣು."

"ಕೇಳಿದ್ದಕ್ಕ ಹಂಗ್ಯಾಕ ಸಿಟ್ಟಿಗೇಳ್ತಿಯವ್ವ? ಬ್ಯಾಡಾದ್ರ ಬ್ಯಾಡ ಅನ್ನು." ಆಮೇಲೆ ಮುನಿಸಿಗಿಂತ ಕುತೂಹಲವೇ ದೊಡ್ಡದಾಗಿ, "ಡಬ್ಬ್ಯಾಗೇನೈತಿ? ಅಮಾಸಿ ಕಡಬೇನು?" ಎಂದಳು.

"ಅದೂ ಮಣ್ಣ, ಅಕ್ಕ."

ಅಂಜಿನಕ್ಕ ಎದ್ದು ಹೋಗಿ ಬೇರೆ ಸೀಟಿನಲ್ಲಿ ಕೂತಳು. ಸತ್ಯ ಹೇಳಿ ಬೈಸಿಕೊಂಡದ್ದು ಇದೇ ಮೊದಲಲ್ಲವಾದ್ದರಿಂದ ಮರುಳಸಿದ್ದಮ್ಮ ಕಿಟಕಿಯ ಹೊರಗೆ ನೋಡಿದಳು.

ಹೊರಗೆ ಮಸಾರಿ ಹೊಲಗಳು ಕೆಂಪಗೆ ಹಿಂದೆ ಹಿಂದೆ ಸರಿಯುತ್ತಿದ್ದವು. ನಡುವೆ ಎಲ್ಲಾದರೂ ಒಂದು ತುಂಡು ಎರೆ ಕಪ್ಪಗೆ ಬಂದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ವರ್ಷಪೂರ್ತಿ ಅವಳು ಮಾಡಿದ್ದು ಇಷ್ಟೇ: ಕುರಿ ತರುಬಿದ ಹೊಲಕ್ಕೂ ತರುಬದ ಹೊಲಕ್ಕೂ ಮಣ್ಣಿನಲ್ಲಿ ಏನು ವ್ಯತ್ಯಾಸ ಎಂದು ಅಳೆಯುವುದು. ಬೆಳೆ ಕಿತ್ತ ಮೇಲೆ ಕುರಿಮಂದೆಯನ್ನು ಇರುಳು ಹೊಲದಲ್ಲಿ ನಿಲ್ಲಿಸುವುದು, ಹಿಕ್ಕೆ ಗಂಜಲ ನೆಲಕ್ಕೆ ಬೀಳುವುದು, ಹೊಲದ ಧಣಿ ಕುರುಬರಿಗೆ ಜೋಳ ಕೊಡುವುದು — ಇದು ಅವಳ ತಾತ ಮುತ್ತಾತ ಮಾಡಿಕೊಂಡು ಬಂದದ್ದು. ಅದಕ್ಕೆ ಸಾವಯವ ಇಂಗಾಲ ಎಂಬ ಹೆಸರು ಕೊಟ್ಟು ಪ್ರತಿಶತದಲ್ಲಿ ಹೇಳಿದರೆ ಡಿಗ್ರಿ ಕೊಡುತ್ತಾರೆ ಎಂದು ಗೊತ್ತಾದಾಗ ಅವಳು ಖುಷಿಯಿಂದ ಇಡೀ ದಿನ ಉಂಡಿರಲಿಲ್ಲ. ಹನ್ನೆರಡು ಹೊಲ, ಹನ್ನೆರಡು ಚೀಲ. ಎಂಟು ಮಸಾರಿಯವು, ನಾಲ್ಕು ಎರೆಯವು. ಮಸಾರಿಯಲ್ಲಿ ತರುಬಿದ್ದು ನಾಲ್ಕು, ತರುಬದ್ದು ನಾಲ್ಕು, ಏನೂ ತೊಂದರೆಯಿಲ್ಲ. ಎರೆ ಇದ್ದವರು ಮಾತ್ರ ಕುರಿ ತರುಬದೆ ಬಿಡುವುದೇ ಇಲ್ಲ. ಬಿಟ್ಟವನು ಸುತ್ತಿನ ಹಳ್ಳಿಗಳಲ್ಲೆಲ್ಲ ಒಬ್ಬನೇ, ಹುಲುಗಪ್ಪ. ಅವನ ಹೊಲದ ಮಣ್ಣೇ ಏಳನೇ ಚೀಲ. ಅದಿಲ್ಲದಿದ್ದರೆ ಉಳಿದ ಮೂರು ಎರೆ ಚೀಲಗಳನ್ನು ಹೋಲಿಸಲು ಏನೂ ಇಲ್ಲ, ಅರ್ಧ ವರ್ಷದ ಕೆಲಸ ನೀರಿನಲ್ಲಿ ಹೋಮ.

ಹುಲುಗಪ್ಪ ಹನ್ನೊಂದು ವರ್ಷದಿಂದ ಕುರಿ ತರುಬಿಸದಿರಲು ಕಾರಣ ಯರ್ರೆಪ್ಪನೇ. ಹನ್ನೊಂದು ವರ್ಷದ ಹಿಂದೆ ಯರ್ರೆಪ್ಪನ ಮಂದೆ ಮೂರು ಇರುಳು ಅವನ ಹೊಲದಲ್ಲಿ ನಿಂತಿತ್ತು. ಅವು ನಿಂತವೇ ಹೊರತು ಹಿಕ್ಕೆ ಹಾಕಲಿಲ್ಲ, ಯರ್ರೆಪ್ಪ ಬೇಕೆಂದೇ ಹೊಟ್ಟೆ ಖಾಲಿ ಇರುವ ಕುರಿ ತಂದಿದ್ದ ಎಂಬುದು ಹುಲುಗಪ್ಪನ ವಾದ. ಪಂಚರು ಹೊಲಕ್ಕೆ ಹೋಗಿ ಬಗ್ಗಿ ಬಗ್ಗಿ ನೋಡಿ ಬಂದಿದ್ದರು. ಯಾರೂ ತೀರ್ಮಾನ ಹೇಳುವ ಧೈರ್ಯ ಮಾಡಲಿಲ್ಲ. ಅಂಥವನ ಮುಂದೆ ಅವಳು ಮೂರು ಸಲ ಕೈಕಟ್ಟಿ ನಿಂತು, ಅರ್ಧ ಕಿಲೋ ಮಣ್ಣು ಕೊಡ್ರಿ ಎಂದು ಬೇಡಿದ್ದಳು. ಎರಡು ಸಲ ಕಳಿಸಿಬಿಟ್ಟ. ಮೂರನೇ ಸಲ ಚಹಾದ ಅಂಗಡಿಯ ಮುಂದೆ, ಹತ್ತು ಜನ ಕೇಳುವಂತೆ, "ಅಪ್ಪನ ಕುರಿ ಕೊಡಲಿಲ್ಲ, ಮಗಳು ಇದ್ದದ್ದನ್ನೂ ಒಯ್ಯಾಕ ಬಂದಾಳ. ಒಯ್ಯವ್ವ, ಒಯ್ಯಿ" ಎಂದ. ಅವಳು ಅವತ್ತೇ ಹೋಗಿ ಚೀಲ ತುಂಬಿದಳು. ಆಗಲೇ ಮೊದಲ ಮಳೆ ಬಿದ್ದು ಮಣ್ಣು ಒದ್ದೆಯಾಗಿತ್ತು. ಮರುದಿನವೇ ಅವನು ಗೊಬ್ಬರ ಹಾಕಿ ಬಿತ್ತಿದ. ಇನ್ನು ಆ ಹೊಲದ ಹಳೆಯ ಮಣ್ಣು ಬೇಕೆಂದರೆ ಅವಳ ಆ ಒಂದು ಚೀಲದಲ್ಲಿ ಮಾತ್ರ. ಎರೆ ಬೇಗ ಒಣಗುವುದಿಲ್ಲವಾದ್ದರಿಂದ, ಹನ್ನೊಂದು ಚೀಲ ಲ್ಯಾಬಿಗೆ ಒಯ್ದಿಟ್ಟು ಅದೊಂದನ್ನು ಮನೆಯಲ್ಲಿ ನೆರಳಿಗೆ ಹರವಿ, ಒಣಗಿದ ಮೇಲೆ ಕುಟ್ಟಿ, ಸಣ್ಣ ಜರಡಿಯಲ್ಲಿ ಹಿಡಿದು, ಒಂದು ಕಲ್ಲಿಲ್ಲ ಒಂದು ಬೇರಿಲ್ಲ ಎನ್ನುವ ಹಾಗೆ ಮಾಡಿ ಮೂಲೆಯಲ್ಲಿಟ್ಟಿದ್ದಳು. ಅಮಾವಾಸ್ಯೆಯ ಹಿಂದಿನ ದಿನ ಉಳಿದ ಚೀಲಗಳನ್ನು ತೂಗಲು ಕಾಲೇಜಿಗೆ ಹೋಗಿ ಸಂಜೆ ಮನೆಗೆ ಬಂದಾಗ ಚೀಲ ಮಡಿಸಿ ಗೂಟಕ್ಕೆ ಸಿಕ್ಕಿಸಿತ್ತು.

"ಅಜ್ಜಿ, ಮಣ್ಣೆಲ್ಲಿ?"

"ನೋಡು ಬಾ," ಎಂದು ಮಂಜಮ್ಮ ಹೆಮ್ಮೆಯಿಂದ ಕರೆದುಕೊಂಡು ಹೋಗಿದ್ದಳು. ಜಗುಲಿಯ ಮೇಲೆ ಎರಡು ಎತ್ತು, ಮುಂದೊಂದು ಗ್ವಾದಲಿ. "ಕೆರಿ ತನಾ ಹೋಗಾಕ ನನ್ನ ಮಣಕಾಲು ಕೇಳವಲ್ವು. ನೀನಾ ತಂದಿಟ್ಟಿದ್ದೆಲ್ಲ! ಎಂಥಾ ಮಣ್ಣು ಯವ್ವಾ, ಬೆಣ್ಣಿ ಆಗ್ಯಾವ ಎತ್ತು. ಎಪ್ಪತ್ತು ವರ್ಷದಾಗ ಇಂಥಾವು ಮಾಡಿದ್ದಿಲ್ಲ. ಮೊಮ್ಮಗಳು ಹಬ್ಬಕ್ಕಂತ ಜರಡಿ ಹಿಡದಿಟ್ಟಾಳ ಅಂತ ಓಣಿಗೆಲ್ಲ ಹೇಳೀನಿ."

ಅಷ್ಟು ಹೊಗಳಿಕೆಯನ್ನು ಅವಳು ನಾಲ್ಕು ವರ್ಷದಲ್ಲಿ ಯಾರಿಂದಲೂ ಕೇಳಿರಲಿಲ್ಲ. ಬೈಯಬೇಕೆಂದಿದ್ದವಳು ಬಗ್ಗಿ ಎತ್ತುಗಳನ್ನು ನೋಡಿದಳು. ಎತ್ತುಗಳು ನಿಜವಾಗಿಯೂ ಚೆನ್ನಾಗಿದ್ದವು, ಅದು ಇನ್ನೂ ದುಃಖದ ಸಂಗತಿ. ಬೆನ್ನ ಮೇಲೆ ಇಣಿ ಎದ್ದು ನಿಂತಿತ್ತು, ಕತ್ತಿನ ಕೆಳಗೆ ಗಂಗೆದೊಗಲು ಇಳಿಬಿದ್ದಿತ್ತು. ಹೊಸದಾಗಿ ಕೊಟ್ಟ ನೊಗ ಹೊರಲು ಒಪ್ಪದಿರುವಂಥ ಒಂದು ಠೀವಿ ಬಲಗಡೆಯದರ ಕತ್ತಿನಲ್ಲಿತ್ತು. ಇಡೀ ಹಬ್ಬದ ದಿನ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪರೀಕ್ಷೆಗೆ ಬೇಕಾದದ್ದು ಒಂದು ಗ್ರಾಂ. ಬರೀ ನೀರು ಹಾಕಿ ಕಲಸಿದ್ದರೆ ಒಣಗಿಸಿದ ಮೇಲೆ ಮಣ್ಣು ಮಣ್ಣೇ. ಇಂಗಾಲಕ್ಕೆ ತಾನು ಎತ್ತಾಗಿದ್ದೆ ಎಂದು ನೆನಪಿರುವುದಿಲ್ಲ. ಪೂಜೆಯಿಂದ ಇಂಗಾಲ ಹೆಚ್ಚುತ್ತದೆಂದು ಯಾವ ಪುಸ್ತಕದಲ್ಲೂ ಇಲ್ಲ.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಎತ್ತಿನ ಹೊಟ್ಟೆಯನ್ನು ಕುಟ್ಟಿ, ಜರಡಿ ಹಿಡಿದು, ಒಂದು ಗ್ರಾಂ ತೂಗಿ ಗಾಜಿನ ಬುರುಡೆಗೆ ಹಾಕಿದಳು. ಹತ್ತು ಮಿಲಿ ಡೈಕ್ರೋಮೇಟ್ ಬಿಟ್ಟಳು, ಕಿತ್ತಳೆ ಬಣ್ಣ. ಇಪ್ಪತ್ತು ಮಿಲಿ ಸಲ್ಫ್ಯೂರಿಕ್ ಆಸಿಡ್ ಬಿಟ್ಟು ಅಲುಗಾಡಿಸಿದಳು. ಉಳಿದ ಹನ್ನೊಂದು ಮಾದರಿಗಳೂ ಈ ಹಂತದಲ್ಲಿ ಕಿತ್ತಳೆಯಾಗಿಯೇ ಇದ್ದವು. ಅರ್ಧ ಗಂಟೆ ಬಿಟ್ಟು, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟ ಮೇಲೆ, ಕಡೆಗೆ ಹಸಿರಾಗುತ್ತಿದ್ದವು. ಇದು ಅವಳ ಕಣ್ಣೆದುರೇ, ಕೈಯಲ್ಲಿ ಬಿಸಿಯಾಗುತ್ತ, ಆಸಿಡ್ ಬಿದ್ದ ಕೂಡಲೇ ಹಸಿರಾಯಿತು. ಗಿಣಿಹಸಿರು. ಅಂದರೆ ಮಣ್ಣಿನಲ್ಲಿ ಇಂಗಾಲ ಎಷ್ಟಿದೆಯೆಂದರೆ, ಹಾಕಿದ್ದನ್ನೆಲ್ಲ ತಿಂದು ಇನ್ನೂ ಬೇಕು ಎನ್ನುತ್ತಿದೆ. ಹನ್ನೊಂದು ವರ್ಷ ಕುರಿ ಕಾಣದ ಹೊಲದಲ್ಲಿ! ಅವಳು ಬುರುಡೆಯನ್ನು ಕೆಳಗಿಟ್ಟು ವರಾಂಡಕ್ಕೆ ಓಡಿ ಮನೆಗೆ ಫೋನ್ ಮಾಡಿದಳು.

"ಅಜ್ಜಿ, ಎತ್ತಿನ ಮಣ್ಣಿಗೆ ಏನ್ ಹಾಕಿದ್ದಿ?"

"ಯಾರಿದು?"

"ನಾನು, ಸಿದ್ದಿ! ಮಣ್ಣು ಕಲಸುವಾಗ ಏನ್ ಹಾಕಿದ್ದಿ?"

"ಏನೂ ಇಲ್ಲಬೇ, ಬರೇ ನೀರು," ಎಂದಳು ಮಂಜಮ್ಮ, ಫೋನಿಲ್ಲದಿದ್ದರೂ ಹರಪನಹಳ್ಳಿಗೆ ಕೇಳುವ ದನಿಯಲ್ಲಿ. "ಮತ್ತ ಒಂದು ಹಿಡಿ ಹಿಕ್ಕಿ."

"ಯಾವ ಹಿಕ್ಕಿ?"

"ಕುರಿ ಹಿಕ್ಕಿ, ಮತ್ಯಾವುದು? ನಮ್ಮವಾ. ಕುಟ್ಟಿ ಪುಡಿ ಮಾಡಿ ಹಾಕಿನಿ. ಎರಿ ಮಣ್ಣು ಹಂಗ ಬಿಟ್ರ ಸೀಳತೈತಿ. ಇಷ್ಟೂ ಗೊತ್ತಿಲ್ಲ, ಮಣ್ಣು ಓದ್ತಾಳಂತ ಮಣ್ಣು. ಮತ್ತ ಕೇಳಿಲ್ಲಿ, ಎತ್ತು ಈಗ ಮಾಳಿಗಿ ಮ್ಯಾಲೆ ಇಡಿಸೀನಿ. ಬಲಗಡಿದರ ಹೊಟ್ಟಿ ಇಲಿ ಕೊರದಾವ ನೋಡವ್ವ, ಬರ್ತಾ ಇಲಿ ಔಷಧಿ ತಂದುಬಿಡು."

ಅವಳು ತರುತ್ತೇನೆಂದಳು. ಫೋನಿಟ್ಟು ಒಳಗೆ ಬಂದರೆ ಪ್ರವೀಣಕುಮಾರ್ ಸರ್ ಮೇಜಿನ ಪಕ್ಕ ನಿಂತು ಬುರುಡೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ದಾವಣಗೆರೆ ಕಡೆಯವರು. ಯಾವಾಗಲೂ ಎಲ್ಲೋ ಏನೋ ಮರೆತು ಬಂದವರ ಮುಖ. ಇವತ್ತು ಆ ಮುಖಕ್ಕೆ ಮರೆತದ್ದು ಸಿಕ್ಕಿಬಿಟ್ಟಂತಿತ್ತು.

"ಇದು ಯಾವ ಮಾದರಿನಮ್ಮ?"

"ಏಳು, ಸರ್."

"ತರುಬದೇ ಇರೋ ಎರೆ? ಕಾಲು ಗ್ರಾಂ ತಗೊಂಡು ಇನ್ನೊಂದ್ಸಲ ಮಾಡು. ನಾನೇ ನೋಡ್ತೀನಿ."

ಅವರ ಎದುರೇ ಅವಳು ಇನ್ನೊಂದು ಸಲ ಮಾಡಿದಳು. ಮೂರು ಪಾಯಿಂಟ್ ನಾಲ್ಕು ಪ್ರತಿಶತ ಬಂತು. ಅಲ್ಲಿಯವರೆಗೆ ಅತಿ ಹೆಚ್ಚೆಂದರೆ ಸೊನ್ನೆ ಪಾಯಿಂಟ್ ಎಂಟು ಬಂದಿತ್ತು. ಸರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಮಲೆನಾಡಿನ ಕಾಡಲ್ಲಾದ್ರೆ ಸರಿ. ನಮ್ಮ ಬಯಲಲ್ಲಿ ಇದು... ಏನೂ ಬೆರೆತಿಲ್ಲ ತಾನೇ, ಮರುಳಸಿದ್ದಮ್ಮ?"

ಇದೇ ಆ ಕ್ಷಣ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆರೆತಿದೆ ಎಂದರೆ ಎರೆಯ ಭಾಗವೆಲ್ಲ ಹೋಗುತ್ತದೆ, ಪ್ರಬಂಧ ಒಪ್ಪಿಸಲು ಉಳಿದಿರುವುದು ಹತ್ತೇ ದಿನ, ಮತ್ತೆ ಮಣ್ಣು ತೆಗೆಯಬೇಕೆಂದರೆ ಮುಂದಿನ ಬೇಸಿಗೆ. ಐದನೇ ವರ್ಷ. ಊರಿನವರು ಹೇಳುತ್ತಿದ್ದ ಸುಳ್ಳು ತಾನಾಗಿಯೇ ನಿಜವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಮಾದರಿಗೆ ಅರಿಸಿನ ಕುಂಕುಮ ಇಟ್ಟು ಕಡುಬು ಎಡೆ ಹಿಡಿದರು ಸರ್ ಎಂಬ ವಾಕ್ಯವನ್ನು ಲ್ಯಾಬ್ ಕೋಟು ಹಾಕಿಕೊಂಡು ಹೇಗೆ ಹೇಳುವುದು ಎಂಬ ನಾಚಿಕೆ. "ಇಲ್ಲ ಸರ್," ಎಂದುಬಿಟ್ಟಳು.

"ನೀನು ಇಲ್ಲ ಅಂದ್ರೆ ಇಲ್ಲ ಬಿಡು," ಎಂದು ಅವರು ಅಷ್ಟು ಸುಲಭವಾಗಿ ನಂಬಿದ್ದು ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಸರ್ ತಮ್ಮ ಕೋಣೆಗೆ ಹೋದರು. ಅಡ್ಡಗೋಡೆ ತೆಳ್ಳಗಿದ್ದದ್ದರಿಂದ, ಹೂವಿನಹಡಗಲಿಯ ಯಾರೋ ಗೆಳೆಯರಿಗೆ ಅವರು ಫೋನ್ ಮಾಡಿದ್ದು ಒಂದಕ್ಷರ ಬಿಡದೆ ಕೇಳಿಸಿತು. ನಮ್ಮ ಹುಡುಗಿ, ಎಂದರು. ನಾಲ್ಕನೇ ವರ್ಷಕ್ಕೆ ಒಬ್ಬಳೇ ಉಳಿದವಳು, ಎಂದರು. ಅವಳಿಗೆ ಕಣ್ಣು ತುಂಬಿ ಬಂತು, ಅದು ಹೆಮ್ಮೆಯೇ, ಸುಳ್ಳು ಹೇಳಿ ಪಡೆದದ್ದಾದರೂ ಹೆಮ್ಮೆ ಹೆಮ್ಮೆಯೇ ಆಗಿತ್ತು. ಸಂಕಿರಣದಲ್ಲಿ ಓದುವ ಮಾತು ಬಂತು. ನೀಲಿ ಸೀರೆ ಉಡುವುದೇ, ಚೂಡಿದಾರೇ ಎಂದು ಅವಳು ಯೋಚಿಸುತ್ತಿರುವಾಗಲೇ ಗೋಡೆಯಾಚೆ ಸರ್ ದನಿಯೇರಿಸಿದರು: "ಅಲ್ಲ ಮಾರಾಯ, ಇದರರ್ಥ ಏನು ನೋಡು. ಎರೆ ನೆಲಕ್ಕೆ ಕುರಿ ಬೇಕಾಗೇ ಇಲ್ಲ! ಸುಮ್ನೆ ಬಿಟ್ರೆ ಸಾಕು, ತಾನೇ ಸುಧಾರಿಸ್ಕೊಳ್ತದೆ. ರೈತರಿಗೆ ಕರಪತ್ರ ಮಾಡಿ ಹಂಚ್ಬಹುದು."

ಕರಪತ್ರ. ಅದನ್ನು ಹುಲುಗಪ್ಪ ಚಹಾದ ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದುವುದು ಅವಳ ಕಣ್ಣಿಗೆ ಕಟ್ಟಿತು. ಹನ್ನೊಂದು ವರ್ಷದ ಜಗಳ ಅವತ್ತು ತೀರುತ್ತದೆ, ಯರ್ರೆಪ್ಪನ ಕುರಿ ನಿಂತರೇನು ಬಿಟ್ಟರೇನು, ಯರ್ರೆಪ್ಪನ ಮಗಳೇ ಬರೆದಿದ್ದಾಳೆ. ಮುಂದಿನ ಸುಗ್ಗಿಗೆ ಎರೆಯವರು ಯಾರೂ ಮಂದೆ ಕರೆಯುವುದಿಲ್ಲ. ಅಪ್ಪ ಆಗಲೂ ಅವಳ ಮುಖ ನೋಡುವುದಿಲ್ಲ, ಕುರಿಯ ಬಾಯಿಗೆ ಔಷಧಿ ಹಿಡಿಯುತ್ತ ನಿಂತಿರುತ್ತಾನೆ. ಮತ್ತು ಆ ಮೂರು ಪಾಯಿಂಟ್ ನಾಲ್ಕರಲ್ಲಿ ಮೂರು, ಅಪ್ಪನ ಕುರಿಗಳೇ ಹಾಕಿದ್ದು! ಕುರಿ ಬೇಡವೆಂದು ಸಾಬೀತು ಮಾಡಿದ ಹಿಕ್ಕೆ. ಅವಳಿಗೆ ನಗು ಉಕ್ಕಿ ಬಂತು. ಬಾಯಿಗೆ ಕೈಹಿಡಿದು ನಗುತ್ತ ನಗುತ್ತ ಅದು ಯಾವಾಗಲೋ ಬಿಕ್ಕಳಿಕೆಯಾಯಿತು. ಭಯ ಎಲ್ಲೂ ಹೋಗಿರಲಿಲ್ಲ. ಐದನೇ ವರ್ಷ ಎಂಬ ಮಾತು ಎದೆಯ ಮೇಲೆ ಕೂತೇ ಇತ್ತು. ಆದರೂ ಅವಳು ಹೊಲದ ಪುಸ್ತಕವನ್ನು ತನ್ನ ಬ್ಯಾಗಿನಿಂದ ತೆಗೆದಳು.

ಆ ಪುಸ್ತಕವನ್ನು ಕನ್ನಡದಲ್ಲೇ ಬರೆ ಎಂದು ಸರ್ ಮೊದಲೇ ಹೇಳಿದ್ದರು. ಪ್ರತಿ ಮಾದರಿಗೆ ಒಂದು ಪುಟ, ಎಲ್ಲಿ ತೆಗೆದದ್ದು, ಎಲ್ಲಿ ಒಣಗಿಸಿದ್ದು, ಅದಕ್ಕೆ ಏನಾಯಿತು. ಪುಟದ ಕೆಳಗೆ ಅವರ ಸಹಿ. ಏಳನೇ ಪುಟದಲ್ಲಿ ಹುಲುಗಪ್ಪನ ಹೆಸರಿನ ಕೆಳಗೆ ಜಾಗ ಖಾಲಿಯಿತ್ತು. ಶಾಸ್ತ್ರೀಯವಾಗಿ ಬರೆಯಬೇಕೆಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಮಾದರಿಯ ರೂಪಾಂತರ ಎಂದು ಬರೆದು ಹೊಡೆದು ಹಾಕಿದಳು. ಧಾರ್ಮಿಕ ಕಾರಣಗಳಿಂದ ಎಂದು ಶುರು ಮಾಡಿ ಅದನ್ನೂ ಹೊಡೆದಳು. ಕಡೆಗೆ ಆದದ್ದನ್ನು ಆದ ಹಾಗೆ ಬರೆದು, ಓದಿ ನೋಡುವ ಧೈರ್ಯ ಸಾಲದೆ, ಒಳಗೆ ಹೋಗಿ ಫೋನಿನಲ್ಲಿದ್ದ ಸರ್ ಮುಂದೆ ತೆರೆದಿಟ್ಟಳು. ಅವರು ಒಂದು ಕಣ್ಣಲ್ಲಿ ಓದಲು ಶುರು ಮಾಡಿದವರು, "ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟರು.

ಪುಟದಲ್ಲಿ ಹೀಗಿತ್ತು: 'ಒಣಗಿಸಿ ಜರಡಿ ಹಿಡಿದು ಮನೆಯಲ್ಲಿಟ್ಟಾಗ ನನ್ನ ಅಜ್ಜಿ ಇದರಿಂದ ಎರಡು ಎತ್ತು, ಒಂದು ಗ್ವಾದಲಿ ಮಾಡಿದ್ದಾಳೆ. ಸೀಳಬಾರದೆಂದು ಒಂದು ಹಿಡಿ ಕುರಿ ಹಿಕ್ಕೆ ಬೆರೆಸಿದ್ದಾಳೆ. ಪೂಜೆಯಾಗಿದೆ. ಪರೀಕ್ಷೆ ಮಾಡಿದ್ದು ಬಲಗಡೆ ಎತ್ತಿನ ಹೊಟ್ಟೆ. ಏನಾದರೂ ಬೆರೆತಿದೆಯೇ ಎಂದು ಸರ್ ಕೇಳಿದಾಗ ನಾನು ಇಲ್ಲ ಎಂದು ಸುಳ್ಳು ಹೇಳಿದೆ. ಈ ಮಾದರಿಯನ್ನು ಲೆಕ್ಕಕ್ಕೆ ಹಿಡಿಯಬಾರದು.'

ಸರ್ ನಗಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಎರಡು ಸಲ ಓದಿದರು. ಅವರ ಮುಖ ಮತ್ತೆ ಎಲ್ಲೋ ಏನೋ ಮರೆತು ಬಂದವರದಾಯಿತು.

"ಉಳಿದ ಮಣ್ಣು?"

"ಮಾಳಿಗಿ ಮ್ಯಾಲೆ ಐತ್ರಿ ಸರ್."

"ಎರೆ ಭಾಗ ಪೂರ್ತಿ ಹೋಯ್ತಲ್ಲಮ್ಮ."

"ಹೌದ್ರಿ."

"ಮಸಾರಿ ಒಂದನ್ನೇ ಇಟ್ಕೊಂಡು ಒಪ್ಪಿಸ್ಬಹುದು. ಹೆಸರು ಬದಲಾಯಿಸ್ಬೇಕು. ಮಾರ್ಕ್ಸ್ ಬೀಳ್ತವೆ, ಪಾಸ್ ಆಗ್ತೀಯೋ ಇಲ್ವೋ ಹೊರಗಿಂದ ಬರೋ ಪರೀಕ್ಷಕರು ಹೇಳ್ಬೇಕು. ನಾನು ಮಾತು ಕೊಡಲ್ಲ."

"ಆತ್ರಿ," ಎಂದಳು. ಕೂರು ಎಂದು ಅವರು ಹೇಳಲಿಲ್ಲ, ಅವಳು ಕೂರಲಿಲ್ಲ.

ಸರ್ ಕೆಂಪು ಪೆನ್ನು ತೆಗೆದರು. ಇಡೀ ಪುಟಕ್ಕೆ ಗೀಟು ಎಳೆಯುತ್ತಾರೆಂದು ಅವಳು ಅಂದುಕೊಂಡಳು. ಅವರು 'ಮಾಡಿದ್ದಾಳೆ' ಎಂಬಲ್ಲಿ 'ಳೆ' ಹೊಡೆದು ಮೇಲೆ 'ರೆ' ಎಂದು ಬರೆದರು. 'ಬೆರೆಸಿದ್ದಾಳೆ' ಎಂಬಲ್ಲಿಯೂ ಹಾಗೇ ಮಾಡಿದರು. "ದೊಡ್ಡವರು," ಎಂದರು, ತಲೆಯೆತ್ತದೆ. "ಪುಸ್ತಕದಲ್ಲಿ ಬರೀವಾಗ ಮರ್ಯಾದೆ ಕೊಟ್ಟು ಬರಿಯಮ್ಮ." ಪೆನ್ನು ಕೆಳಗಿಳಿದು, ಸುಳ್ಳು ಹೇಳಿದೆ ಎಂಬ ಸಾಲಿನ ಹತ್ತಿರ ಬಂದು ನಿಂತಿತು. ಆ ಸಾಲಿನಲ್ಲಿ ಅವರಿಗೆ ತಿದ್ದುವುದೇನೂ ಕಾಣಲಿಲ್ಲ. ಕೆಳಗೆ ಸಹಿ ಮಾಡಿ ತಾರೀಖು ಹಾಕಿದರು.